ಹತ್ತು ಸೆಕೆಂಡಿಗೊಮ್ಮೆ

ನವೆಂಬರಿನಲ್ಲಿ ಕಾರ್ಮೋಯ್ ದ್ವೀಪಕ್ಕೆ ಸಂಜೆ ನಾಲ್ಕಕ್ಕೇ ಕತ್ತಲು.
ದೀಪಸ್ತಂಭ ಹತ್ತು ಸೆಕೆಂಡಿಗೊಮ್ಮೆ ಮನೆಯೊಳಗೆ ಇಣುಕಿ
ಯಾರನ್ನೂ ಹುಡುಕದೆ ಹೋಗುತ್ತದೆ.
ಹಾಗಂತಲೇ ತಿಳಿದಿದ್ದೆವು ಇಷ್ಟು ವರ್ಷ,
ನಾನೂ, ತಮ್ಮ ಯೂಸ್ಟೈನೂ.

ಒಂದು ದಿನ ಅವನು ರೇಡಿಯೋದ ಬಾಯಿಗೆ ಟೇಪು ಅಂಟಿಸಿದ.
ಮೀನಿನ ಸಾರು ಮೂಸಿ, ಇದನ್ನು ಮುಟ್ಟಿದ್ದು ಯಾರು ಅಂದ.
ಗೋಡೆಯ ಮೇಲೆ ಪೆನ್ಸಿಲಿನ ಗೆರೆ, ಗೆರೆ, ಗೆರೆ:
ಬೆಳಕು ಬಂದಾಗ ಒಂದು,
ತಡವಾಗಿ ಬಂದಾಗ ಅದರ ಮೇಲೊಂದು ಅಡ್ಡಗೆರೆ.
ಬೆಳಕು ತಡವಾಗಿ ಬರುವುದಿಲ್ಲ ಕಣೋ, ಅಂದೆ.
ನೋಡಿದ,
ನನ್ನ ಮುಖ ಹಾಕಿಕೊಂಡು ಬಂದ
ಬೇರೆ ಯಾರನ್ನೋ ನೋಡುವಂತೆ.

ಅಜ್ಜಿ ಹೆಣಿಗೆ ಕೆಳಗಿಡದೆ ಹೇಳಿದಳು:
ಪ್ರಾಯ. ಚಳಿಗಾಲ ಬೇರೆ. ಸುಮ್ಮನಿರಿ, ಕಾಲವೇ ಮದ್ದು.
ಅಜ್ಜಿಗೊಬ್ಬ ಅಣ್ಣನಿದ್ದ,
ಅವನ ಹೆಸರನ್ನು ನಮ್ಮಲ್ಲಿ ಯಾವ ಮಗುವಿಗೂ ಇಟ್ಟಿಲ್ಲ.
ದೋಣಿಮನೆಯ ಅಟ್ಟದಲ್ಲಿ ಹನ್ನೊಂದು ಚಳಿಗಾಲ,
ಊಟ ಏಣಿಯ ಕೊನೆಯ ಮೆಟ್ಟಿಲಿಗೆ.
ಹನ್ನೊಂದು ವರ್ಷವೂ ಕಾಲ ಅವನಿಗೆ ಮದ್ದು ಕುಡಿಸಿತು
ಬಟ್ಟಲ ತಳ ಕಾಣುವವರೆಗೆ.

ನನ್ನದು ಸಾಲ್ಮನ್ ಕಾರ್ಖಾನೆಯಲ್ಲಿ ವಿಂಗಡಿಸುವ ಕೆಲಸ.
ಬೆಲ್ಟಿನ ಮೇಲೆ ಮೀನು ಬರುತ್ತಲೇ ಇರುತ್ತದೆ;
ಎತ್ತುವುದಾದರೆ ಈಗ ಎತ್ತಬೇಕು.
ಊಟದ ಕೋಣೆಯಲ್ಲಿ, ಕೈ ತೊಳೆಯಿರಿ ಅನ್ನುವ ಸೂಚನೆಯ ಪಕ್ಕ
ಒಂದು ಹಳದಿ ಕಾಗದ, ಒಂದು ನಂಬರು,
'ಖಾತ್ರಿ ಇಲ್ಲದಿದ್ದರೂ ಕರೆ ಮಾಡಿ.'
ಎಷ್ಟು ಸಲ ಅದರ ಕೆಳಗೆ ಕೂತು ಬ್ರೆಡ್ಡು ತಿಂದಿದ್ದೆನೋ.
ಆ ದಿನ 'ಇಲ್ಲದಿದ್ದರೂ' ಎಂಬಲ್ಲಿ ಕಣ್ಣು ನಿಂತು
ಕೈಗವಸು ಕಳಚಿದೆ.

ಎಷ್ಟು ದಿನವಾಯಿತು, ಕೇಳಿದರು.
ಹತ್ತೊಂಬತ್ತು, ಅಂದೆ.
ನಾನೂ ಎಣಿಸುತ್ತಿದ್ದೆನೆಂದು ಗೊತ್ತಾದದ್ದು ಆಗಲೇ.

ಮರುದಿನವೇ ಬಂದಳು. ಆಂಬುಲೆನ್ಸಿಲ್ಲ, ಪೊಲೀಸಿಲ್ಲ,
ಬಾಗಿಲು ತುಕ್ಕು ಹಿಡಿದ ಕಾರು, ಗುನ್ವೋರ್ ಎಂಬ ಹೆಸರು.
ಬೂಟು ಹೊಸ್ತಿಲಲ್ಲೇ ಬಿಟ್ಟಳು; ಕಾಲುಚೀಲದ ಹೆಬ್ಬೆರಳಲ್ಲಿ ತೂತು.
ತಮ್ಮನ ಕೋಣೆಯ ಹೊರಗೆ, ನೆಲದ ಮೇಲೆ,
ಗೋಡೆಗೊರಗಿ ನಲವತ್ತು ನಿಮಿಷ ಕೂತಳು.
ದೀಪ ಮಾತಾಡುವುದು ನಿಜವೇ ಸುಳ್ಳೇ, ಕೇಳಲಿಲ್ಲ.
ನಿದ್ದೆ ಬಂದು ಎಷ್ಟು ರಾತ್ರಿಯಾಯಿತು, ಕೇಳಿದಳು.
ಬಾಗಿಲ ಆಚೆ ಏನೂ ಇಲ್ಲ.
ಆಮೇಲೆ, ಐದು.
ಸುಸ್ತಾಗಿರಬೇಕು, ಅಂದಳು.
ಆಗ ಕೇಳಿಸಿತು, ಸೈಕಲ್ಲಿನಿಂದ ಬಿದ್ದ ಹುಡುಗನ ಅಳು,
ಮೂಗಿನಲ್ಲೇ ತಡೆದು ತಡೆದು.

ಗುರುವಾರ ಬಂದಳು. ಸೋಮವಾರ ಬಂದಳು.
ಮೊದಲ ಮಾತ್ರೆ ಒಗ್ಗಲಿಲ್ಲ,
ಕಾಲು ನಿಲ್ಲದೆ ಇಡೀ ರಾತ್ರಿ ನಡೆದ; ಬೇರೆ ಕೊಟ್ಟರು.
ತೈಲದ ಕಟ್ಟೆಯಿಂದ ರಜೆ ಹಾಕಿ ಬಂದ ಅಪ್ಪ
ಅಡುಗೆಮನೆಯ ಮೇಜಿನ ಮುಂದೆ
ಸಣ್ಣ ವಾಕ್ಯದಲ್ಲಿ ಮಾತಾಡುವುದನ್ನು ಕಲಿತ,
ಭಾಷೆ ಬಾರದ ಊರಿಗೆ ಬಂದವನ ಹಾಗೆ.
ಅಜ್ಜಿ ಏನೂ ಹೇಳಲಿಲ್ಲ.
ಒಂದು ಸಂಜೆ ಗುನ್ವೋರಳ ಕಾಲುಚೀಲ ಕೇಳಿ ತೆಗೆದುಕೊಂಡು
ತೂತು ಹೊಲಿದಳು,
ಹಲ್ಲಿನಲ್ಲಿ ನೂಲು ಕಡಿಯುತ್ತ ಅಂದಳು, ಲೌರಿಟ್ಸ್.
ನನ್ನಣ್ಣ. ಲೌರಿಟ್ಸ್ ಅಂತ.

ಈಗ ಫೆಬ್ರವರಿ.
ಇನ್ನೂ ಎರಡು ವರ್ಷ ಬರುತ್ತಾಳಂತೆ ಗುನ್ವೋರ್.
ಯೂಸ್ಟೈನ್ ಕಿಟಕಿಯ ಹಲಗೆಯ ಮೇಲೆ ಕೂತಿದ್ದ.
ದೀಪ ಈಗ ಏನೂ ಹೇಳುವುದಿಲ್ಲ, ಅಂದ.
ಒಳ್ಳೆಯದಲ್ಲವಾ?
ಒಳ್ಳೆಯದೇ, ಅಂದ. ಬೆಳಕು ಬಂದು ಹೋಯಿತು.
ಆದರೆ ಇಷ್ಟು ದೊಡ್ಡ ಸಮುದ್ರ ಬಿಟ್ಟು
ಅದು ನನ್ನೊಬ್ಬನನ್ನೇ ಹುಡುಕುತ್ತಿತ್ತು, ಸುನ್ನಿವಾ.

ಅದಕ್ಕೇನು ಹೇಳಬೇಕೆಂದು
ಹಳದಿ ಕಾಗದದಲ್ಲಿ ಬರೆದಿರಲಿಲ್ಲ.
ಅವನು ತುಸು ಸರಿದ.
ಕೂತೆ.